ಪ್ರೊಫೆಸರನ ಬಾಣಂತನ

ಇಪ್ಪತ್ತು ವರ್ಷ ಜೀವಶಾಸ್ತ್ರದ ಪುಸ್ತಕಗಳನ್ನು ಓದಿದವನು ಒಂದು ಪ್ರಾಣಿ ಗಂಡೋ ಹೆಣ್ಣೋ ಎಂದು ಹೇಳಲಾರನೇ? ಹೇಳಿಯೇ ತೀರುತ್ತೇನೆಂದು ಪಣ ತೊಟ್ಟವನು ನಾನು! ಪುರಾವೆಯಿಲ್ಲದೆ ಹವಾಮಾನ ವರದಿಯನ್ನೂ ನಂಬದ ಈ ಸಂಶಯವಾದಿ, ತನ್ನ ಕಣ್ಣುಗಳನ್ನು ಮಾತ್ರ ಯಾವ ಪುರಾವೆಯೂ ಇಲ್ಲದೆ ನಂಬಿದ್ದ.

ನ್ಯೂಜೆರ್ಸಿಯ ನಮ್ಮ ಪುಟ್ಟ ಪಟ್ಟಣದಲ್ಲಿ ನನ್ನ ಹೆಂಡತಿ ಗ್ವೆನ್ ಸಾಕುಪ್ರಾಣಿಗಳ ಅಂಗಡಿ ನಡೆಸುತ್ತಾಳೆ. ಕಳೆದ ವರ್ಷ ಪಟ್ಟಣದ ಕೌನ್ಸಿಲ್ ಹೊಸ ಕಾನೂನು ತರಲು ಹೊರಟಿತು: ಅಂಗಡಿಗಳು ಮರಿಗಳನ್ನು ಸಗಟಾಗಿ ತರಿಸಿ ಮಾರುವಂತಿಲ್ಲ, ಆಶ್ರಯಧಾಮದ ಅನಾಥ ಪ್ರಾಣಿಗಳಿಗೆ ಮನೆ ಹುಡುಕಿಕೊಡಬಹುದಷ್ಟೆ. ಅದರ ಬಗ್ಗೆ ಊರಿನವರ ಅಭಿಪ್ರಾಯ ಕೇಳಿದ ದಿನ ಸಾರ್ವಜನಿಕರಿಗೆ ತಲಾ ಮೂರು ನಿಮಿಷದ ಮಾತು. ನಾನು ಬಿಡುವೆನೇ? ಮೈಕಿನೆದುರು ಗುಡುಗಿದೆ: "ಅಂಗಡಿಯೊಳಗೆ ಮರಿ ಮಾಡಿಸುವವರ ಪರವಾನಗಿಯನ್ನೇ ಕಿತ್ತುಕೊಳ್ಳಿ!" ಸಭೆ ಚಪ್ಪಾಳೆ ತಟ್ಟಿತು. ಕೌನ್ಸಿಲ್ ನನ್ನ ವಾಕ್ಯವನ್ನು ಕಾನೂನಿಗೇ ಸೇರಿಸಿಬಿಟ್ಟಿತು!

ಕಾರಿನಲ್ಲಿ ಗ್ವೆನ್ ಕೇಳಿದಳು: "ರಸೆಲ್, ಊರಲ್ಲಿ ಇರೋದು ನಂದೊಂದೇ ಅಂಗಡಿ. ನೆನಪಿದೆ ತಾನೆ?"

ಐದು ವಾರಗಳ ಹಿಂದೆ ಆಶ್ರಯಧಾಮದಿಂದ ಬಾಲವಿಲ್ಲದ ದಪ್ಪ ಇಲಿಯಂಥ ಒಂದು ಗಿನಿಪಿಗ್ ಬಂತು. ನಾನು ಅದನ್ನು ಅಂಗಾತ ಹಿಡಿದು, ಕನ್ನಡಕ ಸರಿಪಡಿಸಿಕೊಂಡು, ಘೋಷಿಸಿದೆ: "ಗಂಡು! ಹೆಸರು ಪ್ರೊಫೆಸರ್!"

"ಡಾಕ್ಟರು ಒಂದ್ಸಲ ನೋಡ್ಲಿ ಬಿಡು."

"ವಿಜ್ಞಾನ ಮಾತಾಡಿದ ಮೇಲೆ ಡಾಕ್ಟರ್ ಯಾಕೆ?"

ಪ್ರೊಫೆಸರ್ ದಿನದಿನಕ್ಕೂ ಉಬ್ಬಿದ. "ಇದರ ಹೊಟ್ಟೇಲಿ ಏನೋ ಒದೀತಿದೆ," ಎಂದಳು ಗ್ವೆನ್.

"ಗ್ಯಾಸ್. ಕೂತು ತಿನ್ನೋ ಗಂಡಸರಿಗೆ ಹೊಟ್ಟೆ ಬರೋದು ಸಹಜ."

ಅವಳು ನನ್ನ ಅಂಗಿಯ ಬಿಗಿದ ಗುಂಡಿಗಳನ್ನೊಮ್ಮೆ ನೋಡಿದಳು.

ಶನಿವಾರ ಬೆಳಿಗ್ಗೆ ಪಟ್ಟಣದ ಪ್ರಾಣಿ ಅಧಿಕಾರಿ ಪಾವ್ಲಿಕ್ ಮೇಡಂ ತಪಾಸಣೆಗೆ ಬರುವವರಿದ್ದರು. ಗ್ವೆನ್ ಕಾಫಿ ತರಲು ಹೋಗಿದ್ದಳು. ಪಂಜರ ಇಣುಕಿದೆ. ಪ್ರೊಫೆಸರನ ಸುತ್ತ ಮೂರು ಮರಿಗಳು! ಮೈತುಂಬ ಕೂದಲು, ತೆರೆದ ಕಣ್ಣು. ಈಗಷ್ಟೇ ಪೇಟೆ ಸುತ್ತಿ ಬಂದವುಗಳಂತೆ ಓಡಾಡುತ್ತಿವೆ! ನನ್ನ ಮೂರು ನಿಮಿಷದ ಭಾಷಣ ನನ್ನ ಹೆಂಡತಿಯ ಹದಿನಾರು ವರ್ಷದ ಅಂಗಡಿಯನ್ನು ನುಂಗುವುದು ನಿಶ್ಚಯವಾಯಿತು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಮೂರನ್ನೂ ಸ್ವೆಟರಿನ ಜೇಬುಗಳಿಗೆ ಇಳಿಸಿದೆ.

ಪಾವ್ಲಿಕ್ ಮೇಡಂ ಒಳಬಂದು ಪ್ರೆಟ್ಜೆಲ್ ತಿಂಡಿಯ ಪೊಟ್ಟಣ ಬಿಚ್ಚಿದರು. ಪ್ಲಾಸ್ಟಿಕ್ಕಿನ ಸರಸರ ಕೇಳಿದ್ದೇ ತಡ, ಸೊಪ್ಪಿನ ಚೀಲವೆಂದು ಭ್ರಮಿಸಿದ ಪ್ರೊಫೆಸರ್ "ವೀಈಕ್!" ಎಂದ. ನನ್ನ ಎಡಜೇಬು "ವೀಕ್!" ಎಂದಿತು. ಬಲಜೇಬು ಅನುಮೋದಿಸಿತು.

"ಏನದು ಶಬ್ದ?"

"ಉಬ್ಬಸ ಮೇಡಂ. ನಮ್ಮ ವಂಶದಲ್ಲೇ ಇದೆ."

"ಉಬ್ಬಸ ಸೊಂಟದಲ್ಲಿ ಬರುತ್ತಾ?"

ಆಗ ಎಡಜೇಬಿನಿಂದ ಒಂದು ಮೂತಿ ಹೊರಬಂದು ಅಧಿಕಾರಿಯನ್ನೇ ತಪಾಸಣೆ ಮಾಡಿತು. ನಾನು ಸೋತೆ. "ಮೇಡಂ, ತಪ್ಪು ನಂದು. ಕಾನೂನಿನ ಆ ವಾಕ್ಯ ನಂದು, ಗಂಡು ಅಂದ ಕಣ್ಣೂ ನಂದೇ. ಗ್ವೆನ್ ಪರವಾನಗಿ ಮಾತ್ರ ಮುಟ್ಟಬೇಡಿ!"

ಅವರು ಮರಿಯನ್ನು ಅಂಗೈಗೆತ್ತಿಕೊಂಡು ನಕ್ಕರು. "ಓಹೋ! ಗ್ಯಾಸ್ ಅಂದ್ರೆ ಇದೇನಾ?"

ನಾನು ತಬ್ಬಿಬ್ಬಾದೆ. ಗ್ಯಾಸಿನ ವಿಷಯ ಇವರಿಗೆ ಹೇಗೆ ಗೊತ್ತು?

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಗ್ವೆನ್ ಹೇಳಿದಳು: "ಬಂದ ವಾರವೇ ಡಾಕ್ಟರಿಗೆ ತೋರಿಸಿದ್ದೆ. ಬರುವಾಗಲೇ ಬಸುರಿ. ಮೇಡಮ್ಮಿಗೂ ಆಶ್ರಯಧಾಮಕ್ಕೂ ಅವತ್ತೇ ತಿಳಿಸಿದೆ. ನಿನ್ನ ಗ್ಯಾಸಿನ ಕಥೆಯನ್ನೂ ಆಮೇಲೆ ಹೇಳಿದೆ."

"ಬಸಿರಾಗಿದ್ದು ಅಲ್ಲಿ, ಹೆತ್ತಿದ್ದಷ್ಟೇ ಇಲ್ಲಿ," ಎಂದರು ಪಾವ್ಲಿಕ್ ಮೇಡಂ. "ಮರಿ ಮಾಡಿಸಿದ್ದು ಅಂಗಡಿಯಲ್ಲ. ಪರವಾನಗಿ ಗಟ್ಟಿಯಾಗಿದೆ. ನಾನು ಬಂದಿದ್ದೇ ಬಾಣಂತಿ ನೋಡೋಕೆ!"

ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ ಹುಲ್ಲಿನ ಮೂಟೆಯ ಮೇಲೆ ಕುಸಿದೆ. ಬಲಜೇಬು ಬೆಚ್ಚಗೆ ಒದ್ದೆಯಾಯಿತು. ಆ ಕ್ಷಣದಲ್ಲಿ ಅದೂ ಹಿತವೆನಿಸಿತು!

"ಊರಿಗೆಲ್ಲ ಹೇಳಿದೀಯ. ನನಗ್ಯಾಕೆ ಹೇಳಲಿಲ್ಲ?"

"ಒದೀತಿದೆ ಅಂದೆನಲ್ಲ! ವಿಜ್ಞಾನ ಮಾತಾಡಿದ ಮೇಲೆ ನಾನ್ಯಾರು ಮಾರಾಯ?"

ಮರಿಗಳನ್ನು ಪ್ರೊಫೆಸರಿಣಿಯ ಮಡಿಲಿಗೆ ಬಿಟ್ಟು, ಪಾವ್ಲಿಕ್ ಮೇಡಂ ಕೇಳಿದರು: "ಇವು ಗಂಡೋ, ಹೆಣ್ಣೋ?"

ಅಭ್ಯಾಸಬಲದಿಂದ ನಾನು ಕನ್ನಡಕ ಸರಿಪಡಿಸಿಕೊಂಡೆ.

ಸೋಮವಾರ ಪಂಜರದ ಮೇಲೊಂದು ಫಲಕ ತೂಗಿತ್ತು: "ಅಂಗಡಿಯ ಹೊಸ ಕಾನೂನು. ಮರಿ ಗಂಡೋ ಹೆಣ್ಣೋ ಎಂದು ಮಾಲೀಕಳ ಗಂಡನನ್ನು ಕೇಳಕೂಡದು."

ವಿರೋಧಿಸಲು ನನಗೆ ಮೂರು ನಿಮಿಷವನ್ನೂ ಕೊಡಲಿಲ್ಲ.