ಬ್ಯಾನಿ ಇಲ್ಲದ ಹಲ್ಲುಗಳು

ಯಾರಿಗೆ ಏನು ಬೇಕು ಎಂದು ಡಾಕ್ಟರೇ ತೀರ್ಮಾನಿಸಿಕೊಂಡು ಕೂತರೆ ನಗೆಪಾಟಲಾಗುವುದು ತಪ್ಪದು. ಎಂಬತ್ತರ ದಶಕದಲ್ಲಿ ಹಲ್ಲಿನ ಡಾಕ್ಟರಾಗಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಶಿಬಿರ ಮಾಡುತ್ತ ತಿರುಗಿದ ನನಗೆ ಇದು ಆಗುತ್ತಲೇ ಇತ್ತು. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ಡಾಕ್ಟರ ಕಣ್ಣಿಗೆ ಕಾಣುವ ಅಗತ್ಯ ಬೇರೆ, ರೋಗಿಗೆ ಅನ್ನಿಸುವ ಅಗತ್ಯ ಬೇರೆ ಎಂದೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ.

೧. ತಂಟೆ

ಆಳಂದದ ತೊಗರಿ ವ್ಯಾಪಾರಿಯೊಬ್ಬರು ಹೆಂಡತಿಯ ಹಲ್ಲುನೋವಿಗೆಂದು ಬಂದರು. ಮಾತಾಡುವಾಗ ಅವರದೇ ಬಾಯಿ ಕಂಡಿತು. ದವಡೆ ಹಲ್ಲುಗಳಲ್ಲಿ ಮೋಟು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಯಜಮಾನ್ರೆ, ನಿಮ್ಮ ಹಲ್ಲೂ ತೋರಿಸ್ರಿ."

"ನನಗ ಬ್ಯಾನಿ ಇಲ್ರಿ."

ಆ ಸೀಮೆಯಲ್ಲಿ ನೋವಿಗೂ ಬ್ಯಾನಿ, ರೋಗಕ್ಕೂ ಬ್ಯಾನಿ. ನೋವಿಲ್ಲವೆಂದರೆ ರೋಗವೂ ಇಲ್ಲ, ಮಾತು ಮುಗಿಯಿತು.

"ಪೂರಾ ಹುಳುಕಾಗ್ಯಾವ್ರಿ. ಮುಂದ ತ್ರಾಸ ಆಗ್ತದ."

ಅವರು ಎದ್ದು ಟೋಪಿ ಸರಿ ಮಾಡಿಕೊಂಡರು. "ಅವು ನನ್ನ ತಂಟಿಗೆ ಬಂದಿಲ್ರಿ. ನಾ ಯಾಕ ಅವುಗಳ ತಂಟಿಗೆ ಹೋಗ್ಲಿ?"

೨. ಬಿಳಿ ಹಲ್ಲಿನ ಹುಡುಗಿ

ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಆ ಊರಿನ ತಂದೆಯೊಬ್ಬ ಮಗಳನ್ನು ಕರೆತಂದ. ಸೋದರಮಾವನ ಊರಲ್ಲಿ ಬೆಳೆದವಳು. ಹಲ್ಲು ಅಚ್ಚ ಬಿಳಿ.

"ಏನು ತಕ್ಲೀಫು?"

"ಹಲ್ಲೇ ತಕ್ಲೀಫ್ರಿ. ನಮ್ಮೂರಾಗಿನ ಗಂಡಿನವ್ರು ನೋಡಾಕ ಬಂದಿದ್ರು. ಕಟ್ಟಿಸಿದ ಹಲ್ಲು ಅಂತ ಸಂಶಯ ತಗದಾರ. ಖರೇ ಹಲ್ಲು ಅಂತ ನೀವು ಬಂದು ಹೇಳ್ರಿ."

ಹುಡುಗಿ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಳು. ಹೋದೆ, ಹೇಳಿದೆ, ನೀರಿನ ದೋಷವನ್ನೂ ವಿವರಿಸಿದೆ. ಆದರೂ ಸಂಬಂಧ ಕೂಡಲಿಲ್ಲ. ವರನ ತಾಯಿ ತನ್ನ ಕಂದು ಹಲ್ಲು ತೋರಿಸಿ ನಕ್ಕು ನನ್ನನ್ನೇ ಕೇಳಿದಳು: "ಖರೇ ಇದ್ರ ಎಲ್ಲರಂಗ ಯಾಕಿಲ್ರಿ?"

೩. ಮಾತಿನ ಮನುಷ್ಯ

ಅತನೂರಿನ ಶಿಬಿರದಲ್ಲಿ ಒಬ್ಬ ರೈತನ ಅಲ್ಲಾಡುವ ಹಲ್ಲು ಕಿತ್ತೆ. ಮಾತಿಗೊಮ್ಮೆ ನಗಿಸುವ ಆಸಾಮಿ. ತಂಬಾಕು ಒತ್ತಿಕೊಳ್ಳುವ ಕೆನ್ನೆಯ ಒಳಗೆ ದಪ್ಪ ಬಿಳಿ ಕಲೆ ಕಂಡಿತು.

"ಇದು ಛಲೋ ಅಲ್ಲ. ತಂಬಾಕು ಬಿಡ್ರಿ. ಲಗೂನ ಸೊಲ್ಲಾಪುರದ ದೊಡ್ಡ ದವಾಖಾನಿಗೆ ಹೋಗಿ ತೋರಿಸ್ರಿ."

"ಅಲ್ಲಿ ಬ್ಯಾನಿನೇ ಇಲ್ರಿ ಸಾಹೇಬ್ರೆ. ಈಗ ಬಿತ್ತಗಿ ಹೊತ್ತು. ಬ್ಯಾನಿ ಬಂದ ದಿನ ನಾನೇ ಬರ್ತೇನಿ. ಮಾತಿಗೆ ತಪ್ಪೋ ಮನಷ್ಯಾ ಅಲ್ಲ ನಾ."

ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ವರ್ಷ ಅಫಜಲಪುರದಲ್ಲಿ ನಾನಿದ್ದಲ್ಲಿಗೆ ಹುಡುಕಿಕೊಂಡು ಬಂದ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಬಿಚ್ಚಿದರೆ ಕೆನ್ನೆಯೇ ತೂತಾಗಿತ್ತು. ಅವನೇ ಅರ್ಧ ಬಾಯಲ್ಲಿ ಅಂದ: "ಬಂದೇನಿ ನೋಡ್ರಿ. ಮಾತಂದ್ರ ಮಾತು."

ಅಂದು ನಕ್ಕ. ಜೊತೆಗೆ ಬಂದಿದ್ದ ಹೆಂಡತಿ ಗದರಿದಳು: "ಉಣ್ಣಾಕ ಬಾಯಿ ತೆರಿಯಂಗಿಲ್ಲ, ನಗಾಕ ಮಾತ್ರ ತೆರಿತದ!"

ಮೂವರೂ ನಕ್ಕೆವು. ಆ ಸಲದ ಬಿತ್ತನೆಗೆ ಹೊಲಕ್ಕೆ ಅವಳೊಬ್ಬಳೇ ಹೋದಳಂತೆ.

೪. ಅತ್ತೆಯ ಹಲ್ಲು

ಜೇವರ್ಗಿಯ ಒಬ್ಬ ಮುದುಕಿಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಮಗ ತೀರಿಕೊಂಡಿದ್ದ. ಮನೆಯಲ್ಲಿ ಆಕೆ ಮತ್ತು ಕೂಲಿಗೆ ಹೋಗುವ ಸೊಸೆ, ಇಬ್ಬರೇ. ಆಕೆ ಹಲ್ಲು ಕೇಳಿರಲಿಲ್ಲ. ಬೇಕೇಬೇಕು ಎಂದು ನಾನೇ ಶಿಬಿರದ ವತಿಯಿಂದ ಪುಕ್ಕಟೆ ಸೆಟ್ಟು ಕಟ್ಟಿಸಿಕೊಟ್ಟೆ.

ಮುಂದಿನ ಸಲ ಬೊಚ್ಚು ಬಾಯಲ್ಲೇ ಬಂದಳು.

"ಹಲ್ಲೆಲ್ಲಿ ಆಯಿ?"

"ಏನ್ ಹೇಳ್ಲೋ ತಮ್ಮಾ. ಹಲ್ಲಿಲ್ಲದಾಗ ಸೊಸಿ ಬಾಜೂಕ ಕುಂತು, ರೊಟ್ಟಿ ಮುರದು ಸಾರಿನ್ಯಾಗ ನೆನಸಿ ಉಣಸ್ತಿದ್ಲು. ಹೊಲದಾಗ ಏನೇನಾತು ಅಂತ ಹೇಳ್ತಿದ್ಲು. ಹಲ್ಲು ಬಂದ್ವು ನೋಡು, ಗಂಗಾಳದಾಗ ಕಡಕ್ ರೊಟ್ಟಿ ಇಟ್ಟು ಮಲ್ಕೊಂಡಬಿಡಾಕತ್ಲು. ಅದಕ್ಕ ಹಲ್ಲು ಬಚ್ಚಿಟ್ಟೇನಿ. ಆಕಿ ಕೇಳಿದ್ರ, ಅವು ಬಾಯಿಗೆ ಬರೋಬ್ಬರಿ ಕೂಡಲಿಲ್ಲ ಅಂತ ಹೇಳು."

ನಾನು ತಲೆಯಾಡಿಸಿದೆ. "ಹಂಗಾದ್ರ ಹಾಕ್ಕೊಳ್ಳೋದೇ ಇಲ್ಲೇನು?"

ಆಯಿ ಅತ್ತಿತ್ತ ನೋಡಿದಳು. "ಆಕಿ ಕೂಲಿಗೆ ಹೋದ ಮ್ಯಾಲೆ ಜರಾ ಶೇಂಗಾ ತಿಂತೇನಿ."

ಕೆಲವು ದಿನಗಳಲ್ಲಿ ಸೊಸೆಯೇ ಬಂದಳು. ಆಕೆ ಬಾಯಿ ತೆರೆಯುವ ಮೊದಲೇ ಸುಳ್ಳು ಹೇಳಿಬಿಟ್ಟೆ: "ನಿಮ್ಮತ್ತಿಗೆ ಹಲ್ಲು ಕೂಡಲಿಲ್ಲವ್ವಾ."

ಸೊಸೆ ಸೆರಗು ಬಾಯಿಗೊತ್ತಿ ನಕ್ಕಳು. "ಇರಲಿ ಬಿಡ್ರಿ ಸಾಹೇಬ್ರೆ. ತೊಗರಿ ಬ್ಯಾಳಿ ಗಡಗ್ಯಾಗ ಕೈ ಹಾಕ್ದೆ, ಹಲ್ಲು ಕೈಗೆ ಹತ್ತಿದ್ವು. ಚೀರಿದ್ದು ಓಣಿಗೆಲ್ಲ ಕೇಳ್ಸೇದ! ಅತ್ತಿ ಕೇಳಿದ್ಲು, ಹಲ್ಲಿ ಅಂದೆ." ಆಮೇಲೆ ದನಿ ತಗ್ಗಿಸಿದಳು. "ನನಗ ಗೊತ್ತದ ಅಂತ ಆಕಿಗೆ ಹೇಳಬ್ಯಾಡ್ರಿ. ಉಣಸೋ ಹೊತ್ತಿನ್ಯಾಗ ನನಗೂ ಮಾತಾಡಾಕ ಒಬ್ರು ಸಿಗ್ತಾರ. ಬ್ಯಾರೆ ಯಾರದಾರ ನನಗರ?"

"ಹೇಳಂಗಿಲ್ಲ. ಮತ್ತ ನೀವು ಬಂದದ್ದು ಯಾಕ?"

"ಶೇಂಗಾ ತಿಂದ ಮ್ಯಾಲೆ ಹಲ್ಲು ತೊಳದ ಇಡು ಅಂತ ನೀವಾಗೇ ಹೇಳಿದಂಗ ಆಕಿಗೆ ಹೇಳ್ರಿ. ವಾರದಿಂದ ಬ್ಯಾಳಿ ಸಾರು ಶೇಂಗಾ ವಾಸ ಬರಾಕತ್ತದ!"