ಕಾವಿಗೆ ಕೂತ ಕೋಳಿ, ಚಿಲಕ ಹಾಕಿದ ನಾನು

ಮಾತು ಕಡಿಮೆ ಇರುವವರನ್ನು ಜನ ಜಾಣರೆಂದುಕೊಳ್ಳುತ್ತಾರೆ. ಈ ತಪ್ಪು ತಿಳುವಳಿಕೆಯ ಆಸರೆಯಲ್ಲೇ ನಾನು ಇಷ್ಟು ವರ್ಷ ಬದುಕಿದ್ದೇನೆ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಇಳಕಲ್ಲಿಗೆ ಪಾಠ ಹೇಳಲು ಬಂದಾಗ, ಬಾಡಿಗೆ ಮನೆ ನೋಡುತ್ತ ನಾನು ಕೇಳಿದ್ದು ನಳಕ್ಕೆ ನೀರು ಬರುತ್ತದೆಯೇ ಎಂದಲ್ಲ, ಹಿತ್ತಲ ಬಾಗಿಲಿಗೆ ಚಿಲಕವಿದೆಯೇ ಎಂದು. ಚಿಲಕ ಇತ್ತು. ಹಿತ್ತಲಲ್ಲಿ ಒಂದು ಕೋಳಿಯೂ ಇತ್ತು. ಬಾದಾಮಿಗೆ ವರ್ಗವಾಗಿದ್ದ ಹಿಂದಿನ ಬಾಡಿಗೆಯವರು, "ಇದನ್ನ ಬಸ್ಸಿನ್ಯಾಗ ಹ್ಯಾಂಗ ಒಯ್ಯೂದ್ರಿ, ನಿಮಗ ಜೋಡಿ ಆಗ್ತದ ಇರ್ಲಿ" ಎಂದು ಬಿಟ್ಟುಹೋಗಿದ್ದರು. ತತ್ತಿ ತಿನ್ನದ ಮನೆಯಲ್ಲಿ ಹುಟ್ಟಿದವಳು ನಾನು. ಬೆಳಿಗ್ಗೆ ಒಂದು ಹಿಡಿ ಜೋಳ ಹಾಕುತ್ತಿದ್ದೆ. ಅದೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಅದು ಗೋಡೆ ಹಾರಿ ಪಕ್ಕದ ಮನೆಯ ಹುಸೇನಬಿಯ ಬೂದಿಗುಂಡಿಯಲ್ಲಿ ತತ್ತಿ ಇಟ್ಟುಬರುತ್ತಿದ್ದುದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ದಿನ ಕೋಳಿ ಮೂಲೆಯಲ್ಲಿ ಕೂತದ್ದು ಏಳಲೇ ಇಲ್ಲ. ಸರಿಸಿ ನೋಡಿದರೆ ಹೊಟ್ಟೆಯಡಿ ನುಣ್ಣನೆಯ ಒಂದು ಕೆಂಪು ಕಲ್ಲಿನ ಚೂರು. ಕಾವಿಗೆ ಕೂತಿದೆ ಎಂಬುದು ನನಗೂ ಹೊಳೆಯಿತು. ಜೋಳ ಮುಟ್ಟದೆ ಕಲ್ಲಿಗೆ ಕಾವು ಕೊಡುತ್ತ ಕೂತರೆ ಅದು ಬದುಕುವುದೆಂತು? ಕೋಳಿ ಇಲ್ಲದ ಮನೆ ಆ ಓಣಿಯಲ್ಲಿ ಒಂದೂ ಇರಲಿಲ್ಲ. ಗೋಡೆಯ ಬಳಿ ನಿಂತು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಕೇಳುವವಳಾಗಿದ್ದರೆ ನಾನು ಚಿಲಕವನ್ನೇಕೆ ವಿಚಾರಿಸುತ್ತಿದ್ದೆ?

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಎಂಟು ತತ್ತಿ ಕೊಂಡೆ. ಬೆಳ್ಳಗೆ, ದಪ್ಪಗೆ, ಒಂದರ ಹಾಗೇ ಇನ್ನೊಂದು. ಮೆಂತ್ಯದ ಸೊಪ್ಪಿನ ಕೆಳಗೆ ಮುಚ್ಚಿಟ್ಟು, ಗಂಧಕಾಮ್ಲದ ಶೀಷೆ ಹಿಡಿದವಳ ಹಾಗೆ ನಡೆದುಬಂದೆ. ಓಣಿಯ ತಿರುವಿನಲ್ಲಿ ನೇಕಾರರ ಮನೆಯ ನಿಂಗವ್ವ ರಾಟಿ ತಿರುಗಿಸುತ್ತ ಕೂತಿದ್ದಳು.

"ಏನ್ರೀ ಅಕ್ಕೋರ, ಭಾಳ ಸಾವಕಾಶ ಹೊಂಟೀರಿ. ಕಾಲು ಉಳುಕೇತೇನ್ರಿ?"

"ಇಲ್ಲ, ಮೆಂತ್ಯ," ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಕಲ್ಲು ತೆಗೆದು ತತ್ತಿ ಇಟ್ಟೆ, ನೋಟ್‌ಬುಕ್ ತೆರೆದೆ. ದಿನಾ ಸಂಜೆ ಕಾಲೇಜಿನಿಂದ ಬಂದು ಕಂಡದ್ದನ್ನು ಬರೆಯುತ್ತಿದ್ದೆ. ಮೂರನೆಯ ದಿನ: ಚಿಪ್ಪುಗಳು ಕೆಂಪಗಾಗಿವೆ, ಶಾಖದ ಪರಿಣಾಮ. ಗಾತ್ರವೂ ಕುಗ್ಗಿದೆ, ತೇವ ಆವಿಯಾಗಿರಬೇಕು. ಒಂಬತ್ತನೆಯ ದಿನ: ಹಾಕಿದ ಜೋಳ ಹಾಗೇ ಇದೆ, ಆದರೂ ಕೋಳಿ ಎತ್ತಿದರೆ ಮೊದಲಿಗಿಂತ ಭಾರ. ಆಹಾರವಿಲ್ಲದೆ ತೂಕ ಹೆಚ್ಚುವುದು ವಿಜ್ಞಾನಕ್ಕೆ ಹೊಸ ಸಂಗತಿ ಅನ್ನಿಸಿ, ಧಾರವಾಡದ ನಮ್ಮ ಗುರುಗಳಿಗೆ ಎರಡು ಪುಟದ ಕಾಗದವನ್ನೂ ಬರೆದೆ. ಅದು ಅಂಚೆ ಡಬ್ಬಿಗೆ ಬೀಳದೆ ಚೀಲದಲ್ಲೇ ಉಳಿದದ್ದು ನನ್ನ ಜೀವನದ ದೊಡ್ಡ ಅದೃಷ್ಟ.

ಇಪ್ಪತ್ತೊಂದನೆಯ ದಿನ ಮೊದಲ ಬಾರಿಗೆ ರಜೆ ಹಾಕಿದೆ. ಬೆಳಿಗ್ಗೆ ಒಳಗಿನಿಂದ ಚಿಂವ್ ಎಂದಿತು. ಮಧ್ಯಾಹ್ನದ ಹೊತ್ತಿಗೆ ಎಂಟರಲ್ಲಿ ಏಳು ಮರಿ. ಕರಿದು, ಚುಕ್ಕಿಯದು, ಕಂದು, ಕುತ್ತಿಗೆಗೆ ಪುಕ್ಕವೇ ಇಲ್ಲದ ಒಂದು. ಒಂದೇ ತರಹದ ತತ್ತಿಗೆ ಇಷ್ಟು ಬಣ್ಣ ಹೇಗೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾರಿಗಾದರೂ ಹೇಳದಿದ್ದರೆ ಉಸಿರೇ ನಿಲ್ಲುತ್ತದೆ ಅನ್ನಿಸಿ, ಓಡಿಹೋಗಿ ಚಿಲಕ ತೆಗೆದೆ. ಹುಸೇನಬಿ ಮತ್ತು ನಿಂಗವ್ವ ಹೊರಗೆ ನಿಂತೇ ಇದ್ದರು.

"ಇವತ್ತ ಇಪ್ಪತ್ತೊಂದನೇ ದಿನ ಅಲ್ಲೇನ್ರಿ," ಎನ್ನುತ್ತ ನಿಂಗವ್ವ ಒಳಬಂದು ಬಗ್ಗಿ ನೋಡಿದಳು. "ಈ ಬೋಳ ಕುತ್ತಿಗಿದು ನಮ್ಮದು ನೋಡ್ರಿ."

"ನಿಮ್ಮದು?"

"ಫಾರಂ ತತ್ತಿಗೆ ಮರಿ ಎಲ್ಲಿಂದ ಬರ್ತಾವ ಬೇಟಿ? ಅಲ್ಲಿ ಹುಂಜಾನ ಇರೂದಿಲ್ಲ," ಎಂದಳು ಹುಸೇನಬಿ. "ನೀ ಇಟ್ಟ ಮರದಿನಾನ ತಗದು ನಮ್ಮವು ಇಟ್ವಿ. ದಿನಾ ಮಧ್ಯಾಹ್ನ ಎಬ್ಬಿಸಿ ಕಾಳು ನೀರು ತೋರಸ್ತಿದ್ವಿ."

"ನನ್ನ ತತ್ತಿ?"

"ಉಳ್ಳಾಗಡ್ಡಿ ಹಾಕಿ ಹುರದ್ವಿ. ಛಲೋ ಇದ್ವು, ಖರೆ."

ಹೀಗೆ ಚಿಪ್ಪಿನ ಬಣ್ಣ, ಆವಿ, ತೂಕ, ನನ್ನ ಇಡೀ ಸಂಶೋಧನೆ ಒಂದು ಬಾಣಲೆಯಲ್ಲಿ ಮುಗಿಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದೆ, ಸ್ವಲ್ಪ ಬಿಗಿಯಾಗಿಯೇ.

"ನೀ ಬಾಗಲಾ ತಗದಿದ್ರ ಹೇಳ್ತಿದ್ದೆ ಬೇಟಿ. ನೀ ಹಾಕ್ಕೊಂಡಿ, ನಾವು ಗ್ವಾಡಿ ಹತ್ತಿದ್ವಿ. ಈ ವಯಸ್ನ್ಯಾಗ ನನ್ನ ಮೊಣಕಾಲು ಕೇಳು."

ತತ್ತಿ ಒಬ್ಬರದು, ಕಾವು ಇನ್ನೊಬ್ಬರದಾದರೆ ಮರಿ ಅರ್ಧರ್ಧ. ಅದು ಓಣಿಯ ಪದ್ಧತಿಯಂತೆ. ಬಲಿತ ಮೇಲೆ ಮೂರು ನನಗೆ, ಮೂರು ಅವರಿಗೆ. ಏಳನೆಯದು? ನಿಂಗವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅದು ಓಣೀದು. ನಿಮ್ಮಲ್ಲೇ ಇರ್ಲಿ. ನಾವು ಬಂದು ನೋಡ್ಕೋತ ಇರ್ತೀವಿ."

ಬಂದರು. ಮರುದಿನದಿಂದ ಓಣಿಗೆ ಓಣಿಯೇ ತನ್ನ ಕೋಳಿಯನ್ನು ನೋಡಲು ಬಂತು. ಯಾರ ಕೋಳಿ ಕುಂಟುತ್ತದೆ, ಯಾರದಕ್ಕೆ ಬೆಳ್ಳುಳ್ಳಿ ಅರೆದು ಹಾಕಬೇಕು, ಯಾರ ಹುಂಜ ಹೊತ್ತಿಲ್ಲದ ಹೊತ್ತಿಗೆ ಕೂಗುತ್ತದೆ, ಎಲ್ಲ ನನ್ನ ಕಟ್ಟೆಯ ಮೇಲೇ ತೀರ್ಮಾನವಾಗತೊಡಗಿತು. ಚಿಲಕಕ್ಕೆ ತುಕ್ಕು ಹಿಡಿಯಿತು. ಗೋಡೆ ಹಾರುತ್ತಿದ್ದ ಕಾಲವೇ ಚೆನ್ನಾಗಿತ್ತು, ಆಗ ನಾನಿಲ್ಲದಾಗ ಮಾತ್ರ ಬರುತ್ತಿದ್ದರು ಎಂದು ಎಷ್ಟೋ ಸಲ ಗೊಣಗಿದ್ದೇನೆ. ಆದರೆ ಒಂದು ಭಾನುವಾರ ಹತ್ತು ಗಂಟೆಯಾದರೂ ಯಾರೂ ಸುಳಿಯಲಿಲ್ಲ. ಪಾತ್ರೆ ತೊಳೆದೆ, ಪೇಪರು ಎರಡು ಸಲ ಓದಿದೆ. ಕೊನೆಗೆ ಸೆರಗು ಸಿಕ್ಕಿಸಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು, ಗೋಡೆಯಾಚೆ ಇಣುಕಿದೆ.

"ಬಾಗಲಾ ತಗದೇ ಐತಿ ಬೇಟಿ," ಎಂದಳು ಹುಸೇನಬಿ, ತಲೆಯೆತ್ತದೆ.