ಬೀಜದ ಮಠದ ಸ್ವಾಮಿಗಳು

ಶಾಸಕರ ಆಪ್ತ ಸಹಾಯಕನಾದವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಅರ್ಜಿ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ. ಎರಡು ಸಾವಿರದ ಏಳೆಂಟರ ಸುಮಾರಿಗೆ ನಮ್ಮ ಸಾಹೇಬರು ಒಂದು ಹಟ ಹಿಡಿದಿದ್ದರು. ಹತ್ತಿ ಬೀಜವೆಲ್ಲ ಒಂದೇ ದೊಡ್ಡ ಕಂಪನಿಯ ಮುಷ್ಟಿಯಲ್ಲಿದೆ, ಅದು ಹೇಳಿದ್ದೇ ಬೆಲೆ. ಕಾಯ್ದೆ ಮಾಡಿ ಅದಕ್ಕೆ ಮಿತಿ ಹಾಕಬೇಕು ಎಂದು. ಅಷ್ಟು ದೊಡ್ಡವರನ್ನು ಎದುರು ಹಾಕಿಕೊಳ್ಳುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ನಾನು ಅವರನ್ನು ಮೆಚ್ಚಿದ್ದು ಅದಕ್ಕೇ.

ಯಾವ ಮಠ?

ನಮ್ಮ ಕ್ಷೇತ್ರದ ಮೇಡ್ಲೇರಿಯ ಸಭೆಗೆ ಭಾಷಣ ಬರೆದುಕೊಟ್ಟವನು ನಾನು. ಪದಕೋಶ ತಿರುವಿ ಹಾಕಿ 'ಏಕಸ್ವಾಮ್ಯ' ಎಂಬ ಭಾರೀ ಪದ ತಂದಿದ್ದೆ. "ಈ ಏಕಸ್ವಾಮ್ಯ ತೊಲಗಬೇಕು" ಎಂದು ಸಾಹೇಬರು ಗುಡುಗಿದರು. ಚಪ್ಪಾಳೆ ಬರಲಿಲ್ಲ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ಎದ್ದು ನಿಂತಳು. ಹೊಲಕ್ಕೆ ಹತ್ತಿ ಹಾಕುವವಳು. ಬಿತ್ತನೆಯ ಮಿರಗ ಮಳೆಗೆ ಮುಂಚೆ ಕೈಗೆಟುಕುವ ಬೆಲೆಗೆ ಬೀಜ ಸಿಕ್ಕೀತೇ ಎಂದು ಕೇಳಲು ಬಂದಿದ್ದಳು.

"ಸ್ವಾಮಿಗಳನ್ನ ತೊಲಗ್ಸೂದು ಪಾಪ ಅಲ್ಲೇನ್ರಿ ಸಾಹೇಬ್ರ? ಯಾವ ಮಠದವರು ಅವರು?"

ಸಾಹೇಬರು ನನ್ನನ್ನು ನುಂಗುವಂತೆ ನೋಡಿ ಭಾಷಣವನ್ನು ಮಡಚಿ ಜೇಬಿಗಿಟ್ಟರು. "ಬೀಜದ ಮಠದವರು, ಯವ್ವಾ. ಒಬ್ಬರ ಅದಾರ. ಅವರು ಕೇಳಿದಷ್ಟು ಕಾಣಿಕಿ ಇಡಬೇಕು, ಇಲ್ಲಂದ್ರ ಬೀಜ ಇಲ್ಲ."

ಅಜ್ಜಿ ಯೋಚಿಸಿ, ಹಾಗಾದರೆ ತೊಲಗಿಸಲು ಅಡ್ಡಿಯಿಲ್ಲ ಎಂದು ಅಪ್ಪಣೆ ಕೊಟ್ಟು ಕುಳಿತಳು.

ಗೋಡೆಯ ಮೇಲಿನವರು

ಹತ್ತಿ ಬೀಜ ಬೇಕಾದರೆ ಅದೇ ಕಂಪನಿಯ, ಬೆಳೆಗೆ ಹೊಡೆಯುವ ಟಾನಿಕ್ ಬಾಟಲಿಯನ್ನೂ ಕೊಳ್ಳಬೇಕು ಎಂಬ ದೂರಿತ್ತು. ಸಾಹೇಬರು ರೈತನಂತೆ ಹೆಗಲಿಗೆ ಟವೆಲ್ ಹಾಕಿಕೊಂಡು ರಾಣೆಬೆನ್ನೂರಿನ ಬೀಜದ ಅಂಗಡಿಗೆ ತಾವೇ ನುಗ್ಗಿದರು. ಬಾಟಲಿ ಬೇಡ ಎಂದರೆ ಬೀಜವೂ ಇಲ್ಲ ಎಂದಾಯಿತು. ಅಂಗಡಿಯವರೂ ಪಾಪ, ಇದು ಮೇಲಿನವರ ಹುಕುಂ ಎಂದು ಅಲವತ್ತುಕೊಂಡರು.

"ಶಾಸಕರಿಗೆ ಹೇಳೂಣಂದ್ರ, ಅವರ ಮಾರಿನ ಕಾಣಂಗಿಲ್ರಿ."

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಸಾಹೇಬರ ಹಳೆಯ ಫೋಟೋದ ಕ್ಯಾಲೆಂಡರ್ ನಗುತ್ತಿತ್ತು. ಬಾಟಲಿ ಹಿಡಿದು ಜೀಪು ಹತ್ತಿದ ಸಾಹೇಬರ ಮೊದಲ ಅಪ್ಪಣೆ: ಮುಂದಿನ ವರ್ಷ ಈಗಿನ ಫೋಟೋ ಹಾಕಿಸು, ಕೂದಲು ಇಲ್ಲದ್ದು.

ಮೂರು ತಾಟು

ಸುದ್ದಿ ಹಬ್ಬಿ, ಕಂಪನಿಯ ಅಧಿಕಾರಿಯೊಬ್ಬರು ಸಾಹೇಬರ ಹಾವೇರಿಯ ಮನೆಗೇ ಬಂದರು. ಪೈಪೋಟಿ ಇದೆ, ಮಾರುಕಟ್ಟೆಯಲ್ಲಿ ಮೂರು ಹೆಸರಿನ ಬೀಜಗಳಿವೆ ಎಂದು ವಾದಿಸಿದರು. ಮೂರೂ ಒಂದೇ ಕಂಪನಿಯವೆಂಬುದನ್ನು ಮಾತ್ರ ಹೇಳಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಅಕ್ಕಾವರು, ಅಂದರೆ ಸಾಹೇಬರ ಮನೆಯವರು, ಒಂದೇ ಬಾಣಲೆಯ ಮಿರ್ಚಿ ಭಜಿಯನ್ನು ಮೂರು ತಾಟಿನಲ್ಲಿ ತಂದಿಟ್ಟರು.

"ಯಾವ ತಾಟಿಂದು ತಗೋತೀರಿ? ಪೈಪೋಟಿ ಐತಿ."

ಅಧಿಕಾರಿ ಮಿರ್ಚಿ ಕಚ್ಚುವ ಮೊದಲೇ ಬೆವರಿದರು.

ಕಾಯ್ದೆ ಯಾರಿಗೆ?

ಸದನದಲ್ಲಿ ಸಾಹೇಬರು ಬಾಟಲಿಯನ್ನು ಎತ್ತಿ ತೋರಿಸಿದರು. ಬ್ಯಾಡಗಿಯ ಪೇಟೆಯಲ್ಲಿ ಒಬ್ಬನೇ ವ್ಯಾಪಾರಿ ಟೆಂಡರ್ ಹಾಕಿದರೆ ಮೆಣಸಿನಕಾಯಿಯ ಗತಿ ಏನು ಎಂದು ಕೇಳಿದರು. ಅಜ್ಜಿಯ ಮಠದ ಕಥೆಗೆ ಇಡೀ ಸದನ ನಕ್ಕಿತು. ನಕ್ಕವರೆಲ್ಲ ಕೊನೆಗೆ ಕಾಯ್ದೆಯ ಪರವಾಗಿ ಕೈಯನ್ನೂ ಎತ್ತಿದರು. ಬೀಜದ ಗರಿಷ್ಠ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುವಂತಾಯಿತು. ನನ್ನ ಕಣ್ಣು ತುಂಬಿ ಬಂತು.

ಮಿರಗಕ್ಕೆ ಮುಂಚೆಯೇ ಮೇಡ್ಲೇರಿಗೆ ಹೋದೆವು. ಅಜ್ಜಿ ಬೀಜ ತಂದಾಗಿತ್ತು. ತೊಲಗಿದರೇ ಸ್ವಾಮಿಗಳು ಎಂದು ಕೇಳಿದಳು.

"ತೊಲಗಿಲ್ಲ ಯವ್ವಾ. ಆದ್ರ ಇನ್ನ ಅವರು ಕೇಳಿದಷ್ಟು ಕಾಣಿಕಿ ಇಲ್ಲ. ಸರ್ಕಾರ ಹೇಳಿದಷ್ಟ."

ಅಜ್ಜಿ ಎರಡೂ ಕೈಯಿಂದ ಅವರಿಗೆ ದೃಷ್ಟಿ ತೆಗೆದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಹಂಗಾರ ಈ ಕಾಯ್ದೆ ಖರೇ ಸ್ವಾಮಿಗಳಿಗೂ ಹತ್ತತೈತೇನ್ರಿ?"

ಅಷ್ಟು ದೊಡ್ಡ ಕಂಪನಿಗೆ ಹೆದರದ ನಮ್ಮ ಸಾಹೇಬರು ಅವತ್ತು ಓಡಿ ಹೋಗಿ ಜೀಪು ಹತ್ತಿದರು.